ಮಿಸ್ಪಾ ದೊರೆಸಾನಿ ಮತ್ತು ಬ್ರೋಚಿನ ಬೆನ್ನು

ನಮ್ಮ ಮನೆಯಲ್ಲಿ ಮಿಸ್ಪಾ ಎಂಬ ದೊರೆಸಾನಿಯೊಬ್ಬಳಿದ್ದಳು. ಅವಳನ್ನು ಕಂಡವರು ನಮ್ಮಲ್ಲಿ ಯಾರೂ ಇಲ್ಲ. ಅಜ್ಜಿಯೂ ಕಂಡಿರಲಿಲ್ಲ. ಅಜ್ಜಿಯ ತಾಯಿ, ಅಂದರೆ ನನ್ನ ಮುತ್ತಜ್ಜಿ, ಕೋಲಾರದ ಚಿನ್ನದ ಗಣಿಯ ಬಂಗಲೆಯೊಂದರಲ್ಲಿ ಆಯಾ ಆಗಿದ್ದಳು. ಆ ಬಂಗಲೆಯ ದೊರೆಸಾನಿ ತನ್ನ ದೇಶಕ್ಕೆ ಹಿಂದಿರುಗುವ ದಿನ ಎದೆಯ ಮೇಲಿನ ಬೆಳ್ಳಿಯ ಬ್ರೋಚನ್ನು, ಅಂದರೆ ಬಟ್ಟೆಗೆ ಸಿಕ್ಕಿಸುವ ಒಡವೆಯ ಪಿನ್ನನ್ನು, ಬಿಚ್ಚಿ ಮುತ್ತಜ್ಜಿಯ ಸೆರಗಿಗೆ ಸಿಕ್ಕಿಸಿದಳಂತೆ. ಪಿನ್ನಿನ ಮೇಲೆ ಅವಳ ಹೆಸರೇ ಇತ್ತು: ಎಂ, ಐ, ಝಡ್, ಪಿ, ಎ, ಎಚ್. ಮನೆಯಲ್ಲಿ ಇಂಗ್ಲಿಷ್ ಓದಲು ಕಲಿತ ಮೊದಲಿಗರು ನಮ್ಮ ದೊಡ್ಡ ಮಾವ. ಅವರು ಅಕ್ಷರ ಕೂಡಿಸಿ ‘ಮಿಸ್ಪಾ’ ಎಂದು ಓದಿದರು. ಅಲ್ಲಿಂದ ಮುಂದೆ ಮನೆಯ ಹೆಣ್ಣುಮಕ್ಕಳಲ್ಲಿ ಯಾರಾದರೂ ಕೆಲಸ ಬಿಟ್ಟು ಕಾಲು ಚಾಚಿ ಕುಳಿತರೆ, ‘ಬಂದಳು ನೋಡು ಮಿಸ್ಪಾ ದೊರೆಸಾನಿ’ ಎಂಬ ಮಾತು ಬೀಳುತ್ತಿತ್ತು. ಹೆಚ್ಚು ಸಲ ಬಿದ್ದದ್ದು ನನ್ನ ಮೇಲೆ.

2011ರಲ್ಲಿ ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಬಂದೆ. ಬಂದ ಮೊದಲ ಚಳಿಗಾಲದಲ್ಲಿ ಹೊತ್ತು ಹೋಗದೆ ಶನಿವಾರದ ಹಳೆ ಸಾಮಾನಿನ ಸಂತೆಗೆ ಹೋದಾಗ, ಒಂದು ಮೇಜಿನ ಮೇಲೆ ಕಪ್ಪು ಮಖಮಲ್ಲಿನ ತಟ್ಟೆಯಲ್ಲಿ ಮೂವರು ಮಿಸ್ಪಾಗಳು ಸಾಲಾಗಿ ಮಲಗಿದ್ದರು. ಒಬ್ಬಳ ಸುತ್ತ ಬಳ್ಳಿ, ಇನ್ನೊಬ್ಬಳ ಪಕ್ಕ ಎರಡು ಹೃದಯ, ಮೂರನೆಯವಳ ಮೇಲೆ ಒಂದು ಹಕ್ಕಿ. ಬೆರಳ ತುದಿ ಕತ್ತರಿಸಿದ ಉಣ್ಣೆಯ ಕೈಗವಸು ತೊಟ್ಟಿದ್ದ ಮುದುಕಿಯೊಬ್ಬರು ಚಹಾ ಹೀರುತ್ತಾ ಕುಳಿತಿದ್ದರು. ‘ಈ ಹೆಸರು ಇಲ್ಲಿ ಅಷ್ಟೊಂದು ಸಾಮಾನ್ಯವೇ?’ ಎಂದು ಕೇಳಿದೆ. ಆಕೆ ನಗಲಿಲ್ಲ. ಆ ಸೌಜನ್ಯವನ್ನು ನಾನು ಇಂದಿಗೂ ಮರೆತಿಲ್ಲ.

ಅದು ಯಾರ ಹೆಸರೂ ಅಲ್ಲ. ಬೈಬಲಿನ ಆದಿಕಾಂಡದ 31ನೇ ಅಧ್ಯಾಯದಲ್ಲಿ ಬರುವ ಹೀಬ್ರೂ ಪದ. ಕಾವಲು ಗೋಪುರ ಎಂದು ಅರ್ಥ. ನಾವು ಒಬ್ಬರಿಂದೊಬ್ಬರು ದೂರವಿರುವಾಗ ದೇವರು ನಮ್ಮಿಬ್ಬರ ನಡುವೆ ಕಾವಲಿರಲಿ ಎಂಬ ಮಾತು ಅಲ್ಲಿದೆ. ವಿಕ್ಟೋರಿಯಾ ರಾಣಿಯ ಕಾಲದ ಕೊನೆಯ ದಶಕಗಳಲ್ಲಿ ಮನೆಯ ಗಂಡಸರು ಸೈನ್ಯಕ್ಕೋ ಗಣಿಗೋ ವಸಾಹತುಗಳಿಗೋ ಹೊರಟಾಗ ಕೊಟ್ಟು ತೆಗೆದುಕೊಳ್ಳುತ್ತಿದ್ದ ಅಗಲಿಕೆಯ ಕಾಣಿಕೆ ಅದು. ಮೂಲ ಕತೆ ಮಾತ್ರ ಅಷ್ಟೇನೂ ಮಧುರವಲ್ಲ. ಹೇಳದೆ ಕೇಳದೆ ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೊರಟ ಅಳಿಯನನ್ನು ಮಾವ ಬೆನ್ನಟ್ಟಿ ಹಿಡಿದು, ಕಲ್ಲಿನ ಗುಡ್ಡೆ ಹಾಕಿಸಿ, ‘ನನ್ನ ಮಕ್ಕಳಿಗೆ ತೊಂದರೆ ಕೊಟ್ಟೀಯೆ, ಮೇಲಿನವನು ನೋಡುತ್ತಿರುತ್ತಾನೆ’ ಎಂದು ಎಚ್ಚರಿಸುವ ಪ್ರಸಂಗ. ಮಾವ ಅಳಿಯಂದಿರ ನಡುವಿನ ಅಪನಂಬಿಕೆಯ ಕರಾರು ಹೇಗೋ ಪ್ರೇಮಿಗಳ ಒಡವೆಯಾಗಿ ಕುಳಿತಿದೆ.

ಆ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಅವಳ ಹೆಸರೇನು?’ ಎಂದಳು.

ನನ್ನ ಹುಚ್ಚು ಶುರುವಾದದ್ದು ಹೀಗೆ. ಈಗ ನನ್ನಲ್ಲಿ ನೂರ ನಲವತ್ತಕ್ಕೂ ಹೆಚ್ಚು ಬ್ರೋಚುಗಳಿವೆ. ಹೆಚ್ಚಿನವು ಬಡ ಬ್ರೋಚುಗಳು: ತೆಳು ಬೆಳ್ಳಿ, ಗಿಲೀಟು, ಗಾಜು, ಕಪ್ಪು ರಬ್ಬರು. ವಜ್ರವಿರುವ ಬ್ರೋಚು ಕೊಳ್ಳುವ ಶಕ್ತಿ ನನಗಿಲ್ಲ. ಸುಳ್ಳೇಕೆ, ಆಸೆಯೂ ಅಷ್ಟಿಲ್ಲ. ಬೆಲೆಬಾಳುವ ಒಡವೆಯ ಹುಟ್ಟನ್ನು ಹೇಳಲು ಕಾಗದಪತ್ರಗಳಿರುತ್ತವೆ, ಹೇಳುವ ಪಂಡಿತರಿರುತ್ತಾರೆ. ಎರಡು ಪೌಂಡಿನ ಬ್ರೋಚಿನ ಹುಟ್ಟನ್ನು ನಾವೇ ಹುಡುಕಬೇಕು.

ಹುಡುಕುವುದನ್ನು ನನಗೆ ಕಲಿಸಿದ್ದು ಆ ಕೈಗವಸಿನ ಮುದುಕಿಯೇ. ಅವರ ಮೊದಲ ಪಾಠಕ್ಕೆ ಮಾತೇ ಇರಲಿಲ್ಲ. ನಾನು ಬ್ರೋಚನ್ನು ಎತ್ತಿ ಮುಖ ನೋಡಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಗುಚಿ ಮತ್ತೆ ಅಂಗೈಯಲ್ಲಿಟ್ಟರು. ಮುಖ ನೋಡಿ ಮಣೆ ಹಾಕಬಾರದು ಎನ್ನುವ ಗಾದೆ ಅವರ ಭಾಷೆಯಲ್ಲಿ ಇಲ್ಲದಿರಬಹುದು, ಕೈಗೆ ಗೊತ್ತಿತ್ತು. ಮುಖ ಫ್ಯಾಷನ್ನಿನ ಸ್ವತ್ತು. ಬಿಲ್ಲು, ಹೂಗೊಂಚಲು, ಚಂದ್ರ, ನಕ್ಷತ್ರ, ಹಾವು ಎಲ್ಲವೂ ಸುತ್ತಿ ಸುತ್ತಿ ಬರುತ್ತವೆ. 1890ರ ನಮೂನೆಯನ್ನು ಎಂಬತ್ತು ವರ್ಷದ ನಂತರ ಮತ್ತೆ ಅಚ್ಚೊತ್ತಿ ಮಾರಿದ್ದಾರೆ, ಈಗಲೂ ಮಾರುತ್ತಿದ್ದಾರೆ. ಬೆನ್ನಿನ ಕೆಲಸ ಮಾಡಿದವನಿಗೆ ಚಂದದ ಗೊಡವೆಯಿರಲಿಲ್ಲ. ತನ್ನ ಕಾಲಕ್ಕೆ ಸುಲಭವಾಗಿ ಸಿಕ್ಕ ಕೀಲು, ಕೊಕ್ಕೆ, ಸೂಜಿಗಳನ್ನು ಬೆಸೆದು ಎದ್ದು ಹೋಗಿದ್ದಾನೆ. ಅವನಿಗೆ ಸುಳ್ಳು ಹೇಳುವ ಕಾರಣವೇ ಇರಲಿಲ್ಲ.

ಕೊಕ್ಕೆಯಿಂದ ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದ ಬ್ರೋಚುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇಂಗ್ಲಿಷಿನ ಸಿ ಅಕ್ಷರದಂತೆ ಬಾಗಿದ ಒಂದು ಬರಿಯ ತಂತಿ. ಸೂಜಿಯ ತುದಿಯನ್ನು ಅದರೊಳಕ್ಕೆ ಸರಿಸುವುದು, ಅಷ್ಟೇ. ಬೀಗವಿಲ್ಲ, ಮುಚ್ಚಳವಿಲ್ಲ. ಆ ಕಾಲದ ಸೂಜಿ ಎಷ್ಟೋ ಸಲ ಕೊಕ್ಕೆಯನ್ನು ದಾಟಿ, ಬ್ರೋಚಿನ ಅಂಚನ್ನೂ ದಾಟಿ ಹೊರಕ್ಕೆ ಚಾಚಿರುತ್ತದೆ. ದಪ್ಪ ಶಾಲು, ಉಣ್ಣೆಯ ಮೇಲಂಗಿಗಳ ಕಾಲ. ಚಾಚಿದ ತುದಿಯನ್ನು ಮತ್ತೆ ಬಟ್ಟೆಯೊಳಕ್ಕೇ ಚುಚ್ಚಿದರೆ ಬ್ರೋಚು ಜಾರುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ ಕೀಲು. ಹಳೆಯದರಲ್ಲಿ ಮೂರು ಪುಟ್ಟ ಕೊಳವೆಗಳು ಸಾಲಾಗಿ, ನಡುವಿನದಕ್ಕೆ ಸೂಜಿ ಅಂಟಿಕೊಂಡು, ನಮ್ಮ ಊರಿನ ಟ್ರಂಕಿನ ಕೀಲಿನ ಮರಿಯಂತೆ ಕಾಣುತ್ತದೆ. ಇಪ್ಪತ್ತನೇ ಶತಮಾನಕ್ಕೆ ಬಂದಂತೆ ಆ ಕೊಳವೆ ಸಣ್ಣದಾಗಿ ದುಂಡಗಾಗುತ್ತದೆ. ಕೊಕ್ಕೆಗೆ ತಿರುಗುವ ಪುಟ್ಟ ಮುಚ್ಚಳ ಬರುತ್ತದೆ. ಬೆರಳಿನಿಂದ ತಿರುಗಿಸಿದರೆ ಸೂಜಿಯ ಮೇಲೆ ಬಂದು ಕೂರುವ ಈ ಕೊಕ್ಕೆಯನ್ನು ಇಂದಿಗೂ ಬಳಸುತ್ತಾರೆ. ಇನ್ನೊಂದು ಬಗೆಯಿದೆ, ಯುರೋಪು ಖಂಡದ್ದು: ಒಂದು ಕೊಳವೆಯನ್ನು ಎಳೆದರೆ ತೆರೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ. ಎಳೆದು ತಳ್ಳಿ ನುಡಿಸುವ ವಾದ್ಯವನ್ನು ನೆನೆದು ಅದಕ್ಕೆ ಟ್ರೊಂಬೋನ್ ಕೊಕ್ಕೆ ಎಂದು ಹೆಸರಿಟ್ಟಿದ್ದಾರೆ. ಇಂಗ್ಲೆಂಡಿನ ಸಂತೆಯಲ್ಲಿ ಅದು ಕಂಡರೆ ಫ್ರಾನ್ಸು, ಜರ್ಮನಿ, ಆಸ್ಟ್ರಿಯಾದ ಕಡೆ ನೋಡಬೇಕು.

ಸೇಫ್ಟಿ ಪಿನ್ನಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬಾತ 1849ರ ಏಪ್ರಿಲ್ 10ರಂದು ಅದಕ್ಕೆ ಪೇಟೆಂಟು ಪಡೆದು, ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ನಮ್ಮ ಅಮ್ಮಂದಿರ ತಾಳಿ ಸರದಲ್ಲಿ ನಾಲ್ಕು, ಬಳೆಯಲ್ಲಿ ಎರಡು ಎಂದು ಯಾವಾಗಲೂ ತೂಗಾಡುವ ಆ ವಸ್ತುವಿನಿಂದ ಅವನಿಗೆ ಮತ್ತೆ ಕಾಸು ಬರಲಿಲ್ಲ. ಚೂಪಾದ ತುದಿಗೆ ಮುಚ್ಚಳ ಬೇಕು ಎಂದು 1849ರಲ್ಲೇ ಹೊಳೆದಿದ್ದರೂ ಬ್ರೋಚಿನವರು ಇನ್ನೂ ಅರ್ಧ ಶತಮಾನ ಬರಿಯ ಕೊಕ್ಕೆಯನ್ನೇ ಹಾಕುತ್ತಿದ್ದರು. ಕಳೆದುಹೋದ ಬ್ರೋಚುಗಳಿಗೆ ಲೆಕ್ಕವಿದೆಯೇ?

ಇಲ್ಲೊಂದು ಎಚ್ಚರ ಬೇಕು. ಬರಿಯ ಕೊಕ್ಕೆ ಕಂಡಾಕ್ಷಣ ಹಳೆಯದು ಎಂದು ಕುಣಿಯಬಾರದು; ಅಗ್ಗದ ಒಡವೆಗಳಲ್ಲಿ ಅದು ಬಹಳ ಕಾಲ ಉಳಿದುಕೊಂಡಿತು. ಹಳೆಯ ಲಕ್ಷಣ ಮುಂದಕ್ಕೆ ಉಳಿಯುತ್ತದೆ, ಹೊಸ ಲಕ್ಷಣ ಹಿಂದಕ್ಕೆ ಹೋಗಲಾರದು. ಆದ್ದರಿಂದ ಇರುವ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ ಅದಕ್ಕಿಂತ ಹಿಂದೆ ಬ್ರೋಚು ಹುಟ್ಟಿರಲಾರದು. ಈ ಸೂತ್ರ ಕಲಿತ ದಿನ ನನಗೆ ಕೊಂಬು ಮೂಡಿತ್ತು.

ಬೆನ್ನಿನ ಮೇಲೆ ಮುದ್ರೆಗಳಿದ್ದರೆ ಕೆಲಸ ಹಗುರ. ಬ್ರಿಟನ್ನಿನ ಬೆಳ್ಳಿ ಬಂಗಾರಗಳ ಮುದ್ರೆ ನಮ್ಮ ಪಂಚಾಂಗದಂತೆ: ಓದಲು ಬಂದವರಿಗೆ ವರ್ಷವನ್ನೇ ಹೇಳುತ್ತದೆ. ನಡೆಯುತ್ತಿರುವ ಸಿಂಹವಿದ್ದರೆ ಅಸಲಿ ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು, ಕೋಟೆ ಎಡಿನ್‌ಬರೊದ್ದು, ಲಂಗರು ಬರ್ಮಿಂಗ್‌ಹ್ಯಾಮಿನದು. ಸಮುದ್ರದ ಗಾಳಿಯೂ ಸೋಕದ ಊರಿಗೆ ಲಂಗರಿನ ಗುರುತೇಕೆ ಎಂದರೆ ಅದಕ್ಕೊಂದು ಕತೆ ಹೇಳುತ್ತಾರೆ. ಇಲ್ಲಿಯೂ ಶೆಫೀಲ್ಡಿನಲ್ಲಿಯೂ ಒರೆ ಹಚ್ಚಿ ಮುದ್ರೆ ಒತ್ತುವ ಕಚೇರಿ ತೆರೆಯಲು ಪಾರ್ಲಿಮೆಂಟು ಒಪ್ಪಿದ್ದು 1773ರಲ್ಲಿ. ಅದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದ ಹೆಂಡದಂಗಡಿಯ ಹೆಸರು ‘ಕ್ರೌನ್ ಅಂಡ್ ಆಂಕರ್’; ನಾಣ್ಯ ಚಿಮ್ಮಿ ಕಿರೀಟವನ್ನು ಶೆಫೀಲ್ಡಿನವರು, ಲಂಗರನ್ನು ಬರ್ಮಿಂಗ್‌ಹ್ಯಾಮಿನವರು ಹಂಚಿಕೊಂಡರಂತೆ. ಇದರ ಪಕ್ಕದಲ್ಲಿ ಒಂದು ಅಕ್ಷರವಿರುತ್ತದೆ. ವರ್ಷಕ್ಕೊಂದು ಅಕ್ಷರ, ಸಾಲು ಮುಗಿದರೆ ಲಿಪಿಯ ಶೈಲಿ ಬದಲಿಸಿ ಮತ್ತೆ ಎ ಇಂದ ಆರಂಭ. ಬರ್ಮಿಂಗ್‌ಹ್ಯಾಮಿನ ಒಂದು ಸಾಲು 1875ರಲ್ಲಿ ತೊಡಗಿ ಶತಮಾನದ ಕೊನೆಗೆ ಮುಗಿಯುತ್ತದೆ. ಅಕ್ಷರ ಬದಲಾಗುತ್ತಿದ್ದದ್ದು ವರ್ಷದ ನಡುವೆ, ಹಾಗಾಗಿ ಒಂದು ಅಕ್ಷರ ಎರಡು ವರ್ಷಗಳ ಮೇಲೆ ಕಾಲಿಟ್ಟು ನಿಂತಿರುತ್ತದೆ.

ಬಂಗಾರಕ್ಕೆ ನನಗೆ ಪ್ರಿಯವಾದದ್ದು 15 ಕ್ಯಾರೆಟ್ಟಿನ ಗುರುತು. ಬ್ರಿಟನ್ನಿನಲ್ಲಿ 15, 12, 9 ಕ್ಯಾರೆಟ್ಟುಗಳಿಗೆ ಕಾನೂನು ಒಪ್ಪಿಗೆ ಕೊಟ್ಟಿದ್ದು 1854ರಲ್ಲಿ. 1932ರಲ್ಲಿ 15 ಮತ್ತು 12ನ್ನು ಕೈಬಿಟ್ಟು 14ನ್ನು ತಂದರು. ಹೀಗಾಗಿ ಆ ಎರಡಂಕಿಯ ಗುರುತು ಕಂಡರೆ ಬ್ರೋಚಿನ ಹಿಂದೆ ಮುಂದೆ ಎರಡು ಗೋಡೆಗಳು ಎದ್ದು ನಿಂತಂತೆ. ವಿನ್ಯಾಸ ನೋಂದಣಿಯ ಸಂಖ್ಯೆಯೂ ನೆರವಾಗುತ್ತದೆ: 1884ರಲ್ಲಿ 1ರಿಂದ ಎಣಿಕೆ ಶುರುವಾಗಿ 1900ರ ಹೊತ್ತಿಗೆ ಸುಮಾರು ಮೂರೂವರೆ ಲಕ್ಷಕ್ಕೆ ಬಂದಿತ್ತು. ಅದಕ್ಕೂ ಮೊದಲು, 1842ರಿಂದ 1883ರವರೆಗೆ, ಹರಳಿನಾಕಾರದ ಚೌಕಟ್ಟಿನ ಮೂಲೆ ಮೂಲೆಯಲ್ಲಿ ಅಕ್ಷರ, ಅಂಕಿ ತುಂಬುತ್ತಿದ್ದರು. ಆದರೆ ನೋಂದಣಿಯಾದ ವರ್ಷವೇ ಬ್ರೋಚಿನ ವರ್ಷವಲ್ಲ. ಓಡುವ ಮಾಲನ್ನು ವರ್ಷಗಟ್ಟಲೆ ಅಚ್ಚೊತ್ತುತ್ತಿದ್ದರು.

ಎರಡನೇ ವರ್ಷ ಊರಿಗೆ ಹೋದಾಗ ಅಮ್ಮ ಮಿಸ್ಪಾಳನ್ನು ಅರಿಶಿನದ ಡಬ್ಬಿಯೊಂದರಿಂದ ತೆಗೆದು ನನ್ನ ಕೈಗಿಟ್ಟಳು. ಹೆಬ್ಬೆರಳಿನಷ್ಟು ಉದ್ದ, ಅಕ್ಕಿಕಾಳಿನಷ್ಟು ಭಾರವೂ ಇಲ್ಲವೇನೋ ಎನಿಸುವ ಬೆಳ್ಳಿ. ನಾನು ಮುಖವನ್ನು ನೋಡಲೇ ಇಲ್ಲ. ಗರ್ವದಿಂದ ಮಗುಚಿದೆ. ತಿರುಗುವ ಮುಚ್ಚಳದ ಕೊಕ್ಕೆ! ಅದರ ಬುಡದಲ್ಲಿ ಒಂದು ತಗಡಿನ ತುಂಡು, ಸುತ್ತ ಕಪ್ಪು ಕಿಲುಬು. ಮುದ್ರೆಗಳೇನೂ ಕಾಣಲಿಲ್ಲ. ‘ಅಮ್ಮ, ಇದು ವಿಕ್ಟೋರಿಯಾ ಕಾಲದ್ದೂ ಅಲ್ಲ, ಗಣಿಯ ದೊರೆಸಾನಿಯದ್ದೂ ಅಲ್ಲ. ಹಳೆಯ ನಮೂನೆಯ ನಕಲು, 1930ರಿಂದ ಈಚಿನದು. ಅಜ್ಜಿಯೇ ಯಾವುದಾದರೂ ಅಂಗಡಿಯಲ್ಲಿ ಕೊಂಡಿರಬೇಕು’ ಎಂದು ತೀರ್ಪು ಕೊಟ್ಟೆ.

ಅಮ್ಮ ಜಗಳಕ್ಕೆ ಬರಲಿಲ್ಲ. ‘ಓದಿದವಳು ನೀನು’ ಎಂದು ಒಳಗೆ ಹೋಗಿ ಒಗ್ಗರಣೆ ಹಾಕಿದಳು. ಆ ಮಾತಿಗೆ ನಮ್ಮ ಮನೆಯಲ್ಲಿ ಏನರ್ಥ ಎಂದು ಗೊತ್ತಿದ್ದೂ ನಾನು ಗೊತ್ತಿಲ್ಲದವಳಂತೆ ಇದ್ದೆ. ವಾಪಸು ಹೊರಡುವಾಗ ಬ್ರೋಚು ನನ್ನ ಪೆಟ್ಟಿಗೆಯಲ್ಲಿತ್ತು. ‘ನಕಲು ತಾನೇ, ನೀನೇ ಇಟ್ಟುಕೋ’ ಎಂದಿದ್ದಳು.

ಆಮೇಲಿನ ವರ್ಷಗಳಲ್ಲಿ ಒಂದೊಂದು ಪೆಟ್ಟು ಬಿದ್ದು ನನ್ನ ಕೊಂಬು ಸವೆಯಿತು. ದೊಡ್ಡ ಪೆಟ್ಟು ಕಪ್ಪು ಬ್ರೋಚುಗಳಿಂದ ಬಿತ್ತು. 1861ರ ಡಿಸೆಂಬರ್ 14ರಂದು ರಾಣಿಯ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ರಾಣಿ 1901ರಲ್ಲಿ ಸಾಯುವವರೆಗೂ ಕಪ್ಪು ಬಿಡಲಿಲ್ಲ. ದೇಶವೂ ಅವಳ ಜೊತೆ ಕಪ್ಪುಟ್ಟಿತು. ಯಾರ್ಕ್‌ಶೈರಿನ ಕಡಲತೀರದ ವಿಟ್ಬಿ ಎಂಬ ಊರಿನಲ್ಲಿ ಸಿಗುವ ಜೆಟ್ ಎಂಬ ಕಪ್ಪು ವಸ್ತುವನ್ನು ಕೆತ್ತಿ ಶೋಕದ ಒಡವೆ ಮಾಡುವ ಕಸುಬಿನಲ್ಲಿ 1870ರ ದಶಕದ ಆರಂಭಕ್ಕೆ ಸಾವಿರಕ್ಕೂ ಹೆಚ್ಚು ಜನ ತೊಡಗಿದ್ದರು. ಜೆಟ್ ಕಲ್ಲಲ್ಲ. ಕೋಟಿಗಟ್ಟಲೆ ವರ್ಷಗಳ ಹಿಂದೆ ನೆಲದಡಿ ಸೇರಿ ಗಟ್ಟಿಯಾದ ಮರ. ಕೈಗೆ ಹಗುರ, ಮುಟ್ಟಿದರೆ ತಣ್ಣಗೆನಿಸದು. ಎಲ್ಲರಿಗೂ ಅಸಲಿ ಜೆಟ್ ಕೊಳ್ಳಲಾದೀತೇ? ಕಪ್ಪು ಗಾಜು ಬಂತು. ಅದಕ್ಕೆ ‘ಫ್ರೆಂಚ್ ಜೆಟ್’ ಎಂಬ ಠೀವಿಯ ಹೆಸರು. ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು ಬಂತು, ಅದು ವಲ್ಕನೈಟ್. ಐರ್ಲೆಂಡಿನ ಜೌಗಿನಿಂದ ತೆಗೆದ ಕಪ್ಪು ಓಕ್ ಮರವೂ ಬಂತು.

ಜೆಟ್ಟಿನ ಪರೀಕ್ಷೆ ಎಂದು ನಾನು ಓದಿಕೊಂಡಿದ್ದು ಹೀಗಿತ್ತು: ಮೆರುಗಿಲ್ಲದ ಪಿಂಗಾಣಿ ಬಿಲ್ಲೆಗೆ ಮೆಲ್ಲಗೆ ಉಜ್ಜಬೇಕು, ಕಂದು ಗೆರೆ ಬಿದ್ದರೆ ಜೆಟ್. ಅಕ್ಕಸಾಲಿಯ ಒರೆಗಲ್ಲು ನೋಡಿ ಬೆಳೆದ ನನಗೆ ಇದು ಮನಸ್ಸಿಗೆ ಹಿಡಿಸಿತು. ಪಿಂಗಾಣಿ ಬಿಲ್ಲೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ನ್ಯೂವಾರ್ಕಿನ ದೊಡ್ಡ ಸಂತೆಗೆ ಹೋದೆ. ಕೈಯೊಂದು ಹೂಮಾಲೆ ಹಿಡಿದಂತಿರುವ ಕಪ್ಪು ಬ್ರೋಚು, ನಲವತ್ತೈದು ಪೌಂಡು. ವ್ಯಾಪಾರಿಯ ಅನುಮತಿ ಪಡೆದು ಹಿಂಬದಿಯ ಅಂಚನ್ನು ಉಜ್ಜಿದೆ. ಕಂದು ಗೆರೆ! ಚೌಕಾಸಿಯನ್ನೂ ಮಾಡದೆ ಕೊಂಡೆ. ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟದ್ದು ಎರಡು ವರ್ಷದಲ್ಲಿ ಕಪ್ಪು ಬಿಟ್ಟು ಹಳೆಯ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಬಟ್ಟೆಯಿಂದ ಬಿರುಸಾಗಿ ಉಜ್ಜಿ ಮೂಗಿಗೆ ಹಿಡಿದೆ. ಪಟಾಕಿ ಸುಟ್ಟ ಮರುದಿನದ ಅಂಗಳದ ವಾಸನೆ. ವಲ್ಕನೈಟೂ ಕಂದು ಗೆರೆಯನ್ನೇ ಬಿಡುತ್ತದೆ ಎಂಬ ಸಾಲನ್ನು ನಾನು ಓದದೆ ಪುಟ ತಿರುವಿದ್ದೆ. ಭೂತಗನ್ನಡಿ ಹಿಡಿದು ನೋಡಿದ್ದರೆ ಬೆರಳಿನ ಪಕ್ಕದಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಅಲ್ಲೇ ಕಾಣುತ್ತಿತ್ತು. ಜೆಟ್ಟನ್ನು ಕೆತ್ತುತ್ತಾರೆ, ವಲ್ಕನೈಟನ್ನು ಅಚ್ಚಿಗೆ ಒತ್ತುತ್ತಾರೆ. ಈಗ ಅದು ನನಗೆ ಜೆಟ್ಟಿಗಿಂತ ಹೆಚ್ಚು ಇಷ್ಟ. ಅದನ್ನು ಕೊಂಡ ಹೆಂಗಸೂ ನನ್ನಂತೆಯೇ ಜೇಬು ನೋಡಿಕೊಂಡು ದುಃಖಪಟ್ಟವಳಿರಬೇಕು.

ಶೋಕದ ಬ್ರೋಚುಗಳಲ್ಲಿ ಇನ್ನೊಂದು ಬಗೆಯಿದೆ. ಮುಂದೆ ಕಪ್ಪು ಎನಾಮೆಲ್ಲಿನಲ್ಲಿ ‘ನೆನಪಿಗಾಗಿ’ ಎಂಬ ಅರ್ಥದ ಬರಹ, ಹಿಂದೆ ಗಾಜಿನ ಗೂಡಿನಲ್ಲಿ ಸತ್ತವರ ಕೂದಲಿನ ಜಡೆ. ಅಂಥದ್ದೊಂದು ನನ್ನಲ್ಲಿದೆ, ನಸುಗೆಂಪು ಕೂದಲು, ಚಾಪೆಯಂತೆ ನೇಯ್ದದ್ದು, ಯಾವುದೋ ಮಗುವಿನದು ಎನ್ನುವಷ್ಟು ನವಿರು. ತಲೆಕೂದಲು ಅನ್ನದಲ್ಲಿ ಕಂಡರೆ ತಟ್ಟೆ ದೂಡುವ ಮನೆಯಿಂದ ಬಂದ ನಾನು ಮೊದಮೊದಲು ಅದನ್ನು ಚಿಮಟದಿಂದಲೇ ಎತ್ತುತ್ತಿದ್ದೆ. ಬೆನ್ನಿಗೆ ಕೆತ್ತಿದ ಸಾವಿನ ತಾರೀಖಿದ್ದರೆ ಕಾಲ ನಿರ್ಣಯ ಮುಗಿಯಿತು ಎನಿಸುತ್ತದೆ, ಅದೂ ಪೂರ್ತಿ ನಿಜವಲ್ಲ. ಅಂಗಡಿಯವರು ಸಿದ್ಧ ಬ್ರೋಚುಗಳನ್ನು ಇಟ್ಟುಕೊಂಡಿದ್ದು ಸಾವಾದ ಮನೆಯವರು ಬಂದಾಗ ತಾರೀಖು ಕೆತ್ತಿಕೊಡುತ್ತಿದ್ದರು. ಹಳೆಯ ಬ್ರೋಚಿಗೆ ಹೊಸ ಸಾವು ಸೇರಿದ್ದೂ ಉಂಟು.

ಶಂಖದ ಮೇಲೆ ಕೆತ್ತಿದ ಹೆಣ್ಣುಮುಖಗಳ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ನೇಪಲ್ಸಿನ ಪಕ್ಕದ ಟೊರ್ರೆ ಡೆಲ್ ಗ್ರೆಕೊದಲ್ಲಿ ಇಂದಿಗೂ ಕೆತ್ತುತ್ತಾರೆ, ಬೆಳಕಿಗೆ ಹಿಡಿದರೆ ಅಸಲಿ ಶಂಖ ಮಂಜಿನಂತೆ ಬೆಳಗುತ್ತದೆ; ನನಗೆ ಅಷ್ಟು ಸಾಕು. ಮಿಂಚುವ ಗಾಜಿನ ಹರಳಿನ ಮೇಲೆ ಪೆಟ್ರೋಲು ಚೆಲ್ಲಿದ ನೀರಿನಂತೆ ಕಾಮನಬಿಲ್ಲು ಆಡಿದರೆ ಅದು 1950ರ ದಶಕದ ನಡುವಿಗಿಂತ ಹಿಂದಿನದಲ್ಲ. ಅಜ್ಜಿಯ ಅಜ್ಜಿಯದು ಎಂದು ಮಾರುವವರು ಹೇಳಿದರೆ ಅಜ್ಜಿಯದಿರಬಹುದು ಎಂದು ನಗುತ್ತಾ ಮುಂದೆ ಹೋಗಬಹುದು.

ಕೈ ಹಾಕದ ಬ್ರೋಚುಗಳೂ ಇವೆ. ಬಂಗಾರದ ಕಟ್ಟಿನಲ್ಲಿ ಎರಡು ಹುಲಿಯುಗುರು ಎದುರುಬದುರಾಗಿ ಕೂರಿಸಿದ ಬ್ರೋಚುಗಳು ಇಲ್ಲಿನ ತಟ್ಟೆಗಳಲ್ಲಿ ಆಗಾಗ ಕಾಣುತ್ತವೆ. ಭಾರತದಲ್ಲಿದ್ದ ಸಾಹೇಬರು ಮಾಡಿಸಿ ತಂದವು. ನಮ್ಮಲ್ಲಿ ಮಕ್ಕಳ ಕೊರಳಿಗೆ ಹುಲಿಯುಗುರು ಕಟ್ಟುತ್ತಿದ್ದ ಪದ್ಧತಿಯೇ ಅವರ ಹೆಂಡತಿಯರ ಎದೆಯ ಮೇಲೇರಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಭಾರತದಲ್ಲಿ ಅದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಹುಲಿಯುಗುರಿನ ಪದಕ ತೊಟ್ಟು ಟಿವಿಯಲ್ಲಿ ಕಾಣಿಸಿಕೊಂಡವರೊಬ್ಬರನ್ನು ಬಂಧಿಸಿದಾಗ ನನ್ನ ಸಂತೆಯ ಗೆಳತಿಯರಿಗೆ ಆ ಸುದ್ದಿ ಓದಿ ಹೇಳಿದೆ; ಒಬ್ಬಳು ತನ್ನ ತಟ್ಟೆಯನ್ನು ಮೆಲ್ಲಗೆ ಮುಚ್ಚಿಕೊಂಡಳು.

ಬರ್ಮಿಂಗ್‌ಹ್ಯಾಮಿನ ಹಾಕ್ಲಿಯಲ್ಲಿ ಒಡವೆ ಕೆಲಸಗಾರರ ಒಂದು ಕೇರಿಯೇ ಇದೆ. ಅಲ್ಲಿ ಸ್ಮಿತ್ ಅಂಡ್ ಪೆಪ್ಪರ್ ಎಂಬ ಕಾರ್ಖಾನೆ 1981ರಲ್ಲಿ ಬಾಗಿಲು ಹಾಕಿದಾಗ ಅಲ್ಲಿನವರು ಸಾಮಾನುಗಳನ್ನೆಲ್ಲ ಇದ್ದಲ್ಲೇ ಬಿಟ್ಟು ಹೋದರು. ಈಗ ಅದು ವಸ್ತುಸಂಗ್ರಹಾಲಯ. ಕೆಲಸದ ಮೇಜಿಗೆ ಅರ್ಧಚಂದ್ರದಂತೆ ಕಡಿದ ಕಚ್ಚು, ಅದರ ಕೆಳಗೆ ಉದುರಿದ ಬಂಗಾರದ ಪುಡಿ ಹಿಡಿಯಲು ತೂಗುಬಿಟ್ಟ ತೊಗಲು. ನಮ್ಮೂರಿನಲ್ಲಿ ಅಕ್ಕಸಾಲಿಯ ಅಂಗಡಿಯ ಮುಂದಿನ ಕಸವನ್ನು ಗುಡಿಸಿ ತೊಳೆದು ಬಂಗಾರ ಹುಡುಕುವವರು ನೆನಪಾದರು. ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ಅಚ್ಚೊತ್ತುವ ಯಂತ್ರದ ಮುಂದೆ. ಮೇಲಿನಿಂದ ಭಾರ ಬಿದ್ದರೆ ತೆಳುತಗಡು ಉಕ್ಕಿನ ಅಚ್ಚಿನೊಳಕ್ಕೆ ಇಳಿದು ಬ್ರೋಚಿನ ಮುಖವಾಗುತ್ತದೆ. ಹಿಂದಿನಿಂದ ನೋಡಿದರೆ ಮುಂದೆ ಉಬ್ಬಿದ್ದೆಲ್ಲ ಅಲ್ಲಿ ತಗ್ಗು. ಎರಕ ಹೊಯ್ದ ಇತ್ತೀಚಿನ ನಕಲುಗಳಿಗೆ ಅಚ್ಚಿನ ಈ ಚೂಪು ಅಂಚು ಬರುವುದಿಲ್ಲ. ಭೂತಗನ್ನಡಿಯಲ್ಲಿ ಸಣ್ಣ ಸಣ್ಣ ಗುಳಿ, ಕರಗಿದ ಬೆಲ್ಲದಂತೆ ಮೊಂಡಾದ ಗೆರೆಗಳು.

ಮನೆಗೆ ಬಂದವಳೇ ಮಿಸ್ಪಾಳನ್ನು ಹೊರತೆಗೆದೆ. ಅಷ್ಟು ವರ್ಷ ಅವಳು ನನ್ನ ಡ್ರಾಯರಿನಲ್ಲಿ ‘ನಕಲು’ ಎಂಬ ಚೀಟಿಯ ಡಬ್ಬಿಯಲ್ಲಿದ್ದಳು. ಅಕ್ಷರಗಳ ಅಂಚನ್ನು ನೋಡಿದೆ. ಎರಕವಲ್ಲ, ಅಚ್ಚಿನ ಕೆಲಸ. ಮೊದಲ ಎಂ ಮತ್ತು ಕೊನೆಯ ಎಚ್ ಮಾತ್ರ ಸವೆದು ನುಣ್ಣಗಾಗಿವೆ, ನಡುವಿನವು ಚೂಪಾಗಿವೆ. ಸಿಕ್ಕಿಸುವಾಗ ಹೆಬ್ಬೆರಳು, ತೋರ್ಬೆರಳು ಹಿಡಿಯುವುದು ಆ ಎರಡು ತುದಿಗಳನ್ನೇ. ಹಳೆಯದರಂತೆ ಕಾಣಲೆಂದು ಸವೆಸುವವರು ಎಲ್ಲೆಡೆ ಸಮನಾಗಿ ಸವೆಸುತ್ತಾರೆ. ಮಗುಚಿದೆ. ಕೀಲು ಮೂರು ಕೊಳವೆಯದ್ದು! ಕೊಕ್ಕೆಯ ಮೇಲೆ ಬಿದ್ದ ಕಣ್ಣು ಅಂದು ಕೀಲಿನವರೆಗೂ ಸರಿದಿರಲಿಲ್ಲ. ಹಳೆಯ ಕೀಲಿಗೆ ಹೊಸ ಕೊಕ್ಕೆ.

ಮೆತ್ತನೆಯ ಬ್ರಷ್ಷು, ಸಾಬೂನು ನೀರು, ಹಲ್ಲುಕಡ್ಡಿ. ಒಂದು ಗಂಟೆ ಹಿಡಿಯಿತು. ಕೊಕ್ಕೆಯ ಬುಡದ ತಗಡಿನ ಸುತ್ತ ಕಿಲುಬು ಎಂದುಕೊಂಡದ್ದು ಕಿಲುಬಲ್ಲ, ಬೂದು ಬಣ್ಣದ ಸೀಸದ ಬೆಸುಗೆ. ಬೆಳ್ಳಿಯ ಕೆಲಸಗಾರ ತನ್ನ ಹೊಸ ಮಾಲಿಗೆ ಅದನ್ನು ಹಾಕುವುದಿಲ್ಲ, ಬೆಳ್ಳಿಯ ಬೆಸುಗೆಯನ್ನೇ ಹಾಕುತ್ತಾನೆ. ಸೀಸ ಕಡಿಮೆ ಕಾವಿಗೆ ಕರಗುತ್ತದೆ. ತೆಳು ಬ್ರೋಚು ಸುಟ್ಟುಹೋದೀತೆಂದು ಹೆದರಿದ ರಿಪೇರಿಯವನ ಉಪಾಯ ಅದು. ಬೆಸುಗೆ ಹರಡಿ ನಿಂತ ಅಂಚಿನಲ್ಲಿ ಏನೋ ಇಣುಕುತ್ತಿತ್ತು. ಸಿಂಹದ ಹಿಂಗಾಲು ಮತ್ತು ಬಾಲ. ಅದರ ಪಕ್ಕದಲ್ಲಿ ಅರ್ಧ ಲಂಗರು. ಆಮೇಲೆ ಪೂರ್ತಿಯಾಗಿ, ಯಾವ ಕಲೆಯೂ ಇಲ್ಲದೆ, ‘ಬ್ಲ್ಯಾಕ್ ಲೆಟರ್’ ಎಂಬ ದಪ್ಪ ಗೆರೆಗಳ ಹಳೆಯ ಲಿಪಿಯಲ್ಲಿ ಪುಟ್ಟ ಓ. ಪಟ್ಟಿ ತೆಗೆದು ಎಣಿಸಿದೆ. ಜೆ ಅಕ್ಷರವನ್ನು ಆ ಸಾಲಿನಲ್ಲಿ ಬಿಟ್ಟಿದ್ದಾರೆ, ಅದನ್ನು ಮರೆತರೆ ಒಂದು ವರ್ಷ ತಪ್ಪುತ್ತದೆ. ಎರಡು ಸಲ ಎಣಿಸಿದೆ. 1888.

ನಾನಿರುವ ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ ಆ ಮುದ್ರೆ ಬಿದ್ದಿದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಗಣಿಯನ್ನು ಕೈಗೆತ್ತಿಕೊಂಡು ಆಗ ಹತ್ತು ವರ್ಷವೂ ಆಗಿರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿ ಕೆಲಸಗಾರರು ಹಡಗು ಹತ್ತಿ ಬರುತ್ತಿದ್ದ ಕಾಲ.

ಭಾರತದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ ಎಂಬುದನ್ನು ಮರೆತು ಫೋನ್ ಮಾಡಿದೆ. ಯಾರಿಗೇನಾಯಿತು ಎಂದು ಗಾಬರಿಯಿಂದ ಎದ್ದ ಅಮ್ಮನಿಗೆ ಕೊಕ್ಕೆ, ಸೀಸ, ಲಂಗರು, ಓ ಎಂದು ಒಂದೇ ಉಸಿರಿಗೆ ಹೇಳಿದೆ.

‘ಕೊಕ್ಕೆ ಬದಲಾಯಿಸಿದ್ದು ಗೊತ್ತಲ್ಲ’ ಎಂದಳು ಅಮ್ಮ. ‘ಬಂಗಾರಪೇಟೆಯಲ್ಲಿ. ನಾನು ಮೂರನೇ ಕ್ಲಾಸಿನಲ್ಲಿದ್ದೆ, ಅಜ್ಜಿಯ ಜೊತೆ ನಾನೇ ಹೋಗಿದ್ದೆ. ಅಕ್ಕಸಾಲಿ ಬೆಂಗಳೂರಿನಿಂದ ಕೊಕ್ಕೆ ತರಿಸಿ ಹಾಕಿಕೊಟ್ಟ. ಅಜ್ಜಿ ಅದಕ್ಕೆ ಬೀಗದ ಕೈಗೊಂಚಲು ಸಿಕ್ಕಿಸಿಕೊಳ್ಳುತ್ತಿದ್ದರು, ಹಳೆಯ ಕೊಕ್ಕೆ ತಡೆಯಲಿಲ್ಲ.’

‘ಅವತ್ತೇ ಏಕೆ ಹೇಳಲಿಲ್ಲ ಅಮ್ಮ?’

‘ನೀನು ಕೇಳಲಿಲ್ಲ. ನೀನು ಹೇಳಿದೆ.’

ಹೊಸ ಭಾಗಕ್ಕಿಂತ ಹಿಂದೆ ಬ್ರೋಚು ಹುಟ್ಟಿರಲಾರದು ಎಂಬ ನನ್ನ ಸೂತ್ರಕ್ಕೆ, ರಿಪೇರಿಯಾಗಿಲ್ಲದಿದ್ದರೆ ಎಂಬ ಬಾಲ ಸೇರಿದ್ದು ಅಂದು. ಕೈಗವಸಿನ ಮುದುಕಿಗೆ ತೋರಿಸೋಣವೆಂದರೆ ಅವರು ಸಂತೆಗೆ ಬರುವುದನ್ನು ನಿಲ್ಲಿಸಿ ಆಗಲೇ ವರ್ಷಗಳಾಗಿದ್ದವು.

ಹಾಕ್ಲಿಯ ರಿಪೇರಿಯವರೊಬ್ಬರು ಬ್ರೋಚನ್ನು ನೋಡಿ, ಸೀಸವನ್ನು ಕೆರೆದು ತೆಗೆದು ಕಾಲಕ್ಕೆ ತಕ್ಕ ಬರಿಯ ಕೊಕ್ಕೆ ಹಾಕಿಕೊಡುತ್ತೇನೆ, ಬೆಲೆ ಎರಡರಷ್ಟಾಗುತ್ತದೆ ಎಂದರು. ಎರಡರಷ್ಟು ಎಂದರೆ ಎಂಬತ್ತು ಪೌಂಡು. ಬೇಡ ಎಂದೆ. ಬಂಗಾರಪೇಟೆಯ ಅಕ್ಕಸಾಲಿಯ ಬೆಸುಗೆ ಒರಟಾಗಿದೆ ನಿಜ. ಆದರೆ ಆತ ತಗಡನ್ನು ತುಸು ಓರೆಯಾಗಿ ಕೂರಿಸಿದ್ದಾನೆ, ನೇರವಾಗಿ ಕೂರಿಸಿದ್ದರೆ ಆ ಓ ಅಕ್ಷರ ಪೂರ್ತಿ ಮುಚ್ಚಿಹೋಗುತ್ತಿತ್ತು. ಬೇಕೆಂದೇ ಮಾಡಿದನೋ, ಕೈ ಜಾರಿತೋ.

ಈಚೆಗೆ ಅಮ್ಮ ಇಲ್ಲಿಗೆ ಬಂದಿದ್ದಾಗ ಚಹಾ ಕುಡಿಯುತ್ತಾ ಲೆಕ್ಕ ಹಾಕಿದೆವು. ಅಜ್ಜಿ ಹುಟ್ಟಿದ್ದು 1922ರಲ್ಲಿ. ಮುತ್ತಜ್ಜಿ ಬಂಗಲೆಯ ಕೆಲಸದಲ್ಲಿದ್ದದ್ದು ಅದಕ್ಕೂ ಮೊದಲು. ಅಂದರೆ ಕೊಡುವ ಹೊತ್ತಿಗೆ ಬ್ರೋಚಿಗೆ ಮೂವತ್ತು ವರ್ಷದ ಆಸುಪಾಸು ಆಗಿದ್ದಿರಬೇಕು, ಫ್ಯಾಷನ್ನಿನಿಂದ ಹೊರಗಾಗಿದ್ದಿರಬೇಕು. ದೊರೆಸಾನಿಗೆ ಅದು ಅವಳ ತಾಯಿಯಿಂದ ಬಂದದ್ದಿರಬಹುದು. ಊರು ಬಿಡುವಾಗ ಯಾರೋ ಕೊಟ್ಟ ಅಗಲಿಕೆಯ ಕಾಣಿಕೆಯನ್ನು ಅವಳು ತಾನು ಹೊರಡುವಾಗ ಇನ್ನೊಬ್ಬಳಿಗೆ ದಾಟಿಸಿರಬಹುದು ಎಂದು ನಾನು ಮೆಲ್ಲಗೆ ಕತೆ ಕಟ್ಟತೊಡಗಿದೆ.

‘ಸುಮ್ಮನಿರು’ ಎಂದಳು ಅಮ್ಮ. ‘ಕೊಕ್ಕೆ ಆಗಲೇ ಸಡಿಲವಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಗಟ್ಟಿಯಿದ್ದದ್ದನ್ನು ಯಾವ ದೊರೆಸಾನಿ ಕೊಡುತ್ತಾಳೆ?’

ಆಮೇಲೆ ಲೋಟ ಕೆಳಗಿಟ್ಟು, ಮಿಸ್ಪಾಳನ್ನು ಎತ್ತಿ, ಮುಖವನ್ನೂ ನೋಡದೆ ಬೆನ್ನನ್ನೂ ನೋಡದೆ, ಸ್ವೆಟರಿನ ಮೇಲೆ ಸೆರಗನ್ನು ಒಟ್ಟು ಮಾಡಿ ಸಿಕ್ಕಿಸಿಕೊಂಡಳು.